ಅಕ್ಕಾರ ಮೀನಿನ ತೊಟ್ಟಿ

ಮಧ್ಯದ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ನೀರಿಗೆ ಅದ್ದಿ, ಮೂಗಿನ ಹತ್ತಿರ ತಂದು, ಅಕ್ಕಾರು ಕಣ್ಣು ಮುಚ್ಚುತ್ತಿದ್ದರು. ಸೆರಗಿಗೆ ಒರೆಸಿಕೊಳ್ಳುವುದು ಆಮೇಲೆ. ಕುಡಿಯುವ ನೀರಾಗಲಿ, ಹಾಲಾಗಲಿ, ಪಡಸಾಲೆಯ ಗಾಜಿನ ತೊಟ್ಟಿಯಲ್ಲಿದ್ದ ಗೋಲ್ಡ್‌ಫಿಶ್‌ಗಳ ನೀರಾಗಲಿ, ಮೊದಲು ಆ ಬೆರಳಿನ ಪರೀಕ್ಷೆ ಆಗಬೇಕು.

ರಾಣೆಬೆನ್ನೂರಿನ ಕಾಲೇಜಿಗೆ ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಹೊಸದಾಗಿ ಸೇರಿದಾಗ ಅವರ ಮನೆಯ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಓಣಿಯವರಂತೆ ನಾನೂ ಅವರನ್ನು ಅಕ್ಕಾರು ಎನ್ನುತ್ತಿದ್ದೆ. ಅವರ ತವರು ಬ್ಯಾಡಗಿ. ಮೆಣಸಿನಕಾಯಿ ದಲಾಲರ ಮನೆ. ತೂಕ ಹೆಚ್ಚಲೆಂದು ನೀರು ಚಿಮುಕಿಸಿದ ಕಾಯಿಯನ್ನು ಚೀಲದ ಅಡಿಗೆ ತುಂಬಿ, ಮೇಲೆ ಒಣ ಕಾಯಿ ಹರವಿ ತರುವವರನ್ನು ನೋಡುತ್ತಲೇ ಬೆಳೆದವರು. "ಮ್ಯಾಲಿಂದ ನೋಡಬಾರ್ದು, ತಳಕ್ಕ ಕೈ ಹಾಕಬೇಕು" ಎಂದು ತಂದೆ ಕಲಿಸಿದ್ದನ್ನು ತರಕಾರಿಯವರು, ಬಾಡಿಗೆಯವರು, ಬೀಗರು, ಎಲ್ಲರಿಗೂ ಅನ್ವಯಿಸುತ್ತಿದ್ದರು. ನಾನು ಕಾಗಿನೆಲೆಗೆ ಹೋಗಿದ್ದೆನೆಂದರೆ ಯಾವ ಬಸ್ಸು, ಪಕ್ಕದಲ್ಲಿ ಯಾರು ಕುಳಿತಿದ್ದರು ಎಂದು ಕೇಳುತ್ತಿದ್ದರು. ನಾನು ಕಡಿಮೆ ಮಾತಾಡುವುದೂ ಅವರಿಗೆ ಅನುಮಾನದ ವಿಷಯವೇ.

ತೊಟ್ಟಿ ಮದುವೆಯಾಗಿ ಹೋದ ಮಗಳದು. ಅವಳು ಫೋನ್ ಮಾಡಿದರೆ ತಾಯಿಗಿಂತ ಮೊದಲು ಮೀನುಗಳ ಕ್ಷೇಮ ಕೇಳುತ್ತಿದ್ದಳು. ಅಕ್ಕಾರು ಆರೈಕೆಯಲ್ಲಿ ಕೊರತೆ ಮಾಡಿದವರಲ್ಲ. ನಳದ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ ಇರುತ್ತದೆಂದು, ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ಮೇಲೆಯೇ ಅದನ್ನು ತೊಟ್ಟಿಗೆ ಹಾಕಿಸುತ್ತಿದ್ದರು. ಆದರೂ ಪ್ರತಿ ಅಮಾವಾಸ್ಯೆ ಕಳೆದು ವಾರದೊಳಗೆ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು, ಒಂದಾದರೂ ಸಾಯುತ್ತಿತ್ತು. ಮಗಳಿಗೆ ತಿಳಿಸದೆ ದಾವಣಗೆರೆಯಿಂದ ಅಂಥದ್ದೇ ಇನ್ನೊಂದನ್ನು ತರಿಸಿ ಬಿಡುತ್ತಿದ್ದರು.

ಮೊದಲ ಅನುಮಾನ ಎದುರು ಮನೆಯವರ ಕಣ್ಣಿನ ಮೇಲೆ. ತೊಟ್ಟಿಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಆಮೇಲೆ ನನ್ನ ಮೇಲೆ. ನಾನು ಮೆಟ್ಟಿಲೇರುವ ಹೊತ್ತಿಗೆ ತೊಟ್ಟಿಗೆ ಟವೆಲ್ ಹೊದಿಸಿರುತ್ತಿದ್ದರು. ಕೊನೆಗೆ ಅನುಮಾನ ಹಲಗೇರಿಯಿಂದ ಮನೆಗೆಲಸಕ್ಕೆ ಬರುತ್ತಿದ್ದವಳ ಮೇಲೆ ನಿಂತಿತು. ತೊಟ್ಟಿ ತೊಳೆಯುವವಳು ಅವಳು. ಕದ್ದು ಸೋಪಿನ ಪುಡಿ ಹಾಕುತ್ತಾಳೆ ಎಂದು. ಇನ್ನೊಂದು ಮೀನು ಸತ್ತರೆ ಕೆಲಸಕ್ಕೆ ಬರುವುದೇ ಬೇಡ ಎಂದುಬಿಟ್ಟರು. ಅವಳ ಇಬ್ಬರು ಹೆಣ್ಣುಮಕ್ಕಳ ಶಾಲೆ ಈ ಮನೆಯ ಕೆಲಸದ ಮೇಲೆಯೇ ನಡೆದಿತ್ತು. ಅವಳು ನನ್ನೆದುರು ಅಳಲಿಲ್ಲ. ಬೇರೆ ಮನೆ ಗೊತ್ತಿದ್ದರೆ ಹೇಳಿ ಎಂದಳು, ಅಷ್ಟೆ. ನಿಜ ಹೇಳಬೇಕೆಂದರೆ ನನಗೂ ಸೋಪಿನ ಮೇಲೆಯೇ ಅನುಮಾನವಿತ್ತು.

ಮುಂದಿನ ಅಮಾವಾಸ್ಯೆಗೆ ರಜೆ ಹಾಕಿ ಮೇಲಿನಿಂದ ನೋಡುತ್ತ ನಿಂತೆ. ಮನೆಯ ಮುಂಭಾಗದಲ್ಲಿ ಅವರದೇ ಕಾಳಿನ ಅಂಗಡಿ. ಅಮಾವಾಸ್ಯೆಯ ಪೂಜೆಗೆ ಮೊದಲು ಅಂಗಡಿಯ ತಕ್ಕಡಿಯಿಂದ ಅಡುಗೆಮನೆಯ ಹೊಸ್ತಿಲಿನವರೆಗೆ ಎಲ್ಲವನ್ನೂ ತೊಳೆಯಬೇಕು, ತೊಟ್ಟಿಯನ್ನೂ. ಸೋಪು ಎಲ್ಲೂ ಕಾಣಲಿಲ್ಲ. ಅಕ್ಕಾರೇ ಎದುರು ನಿಂತು ಹಳೆಯ ನೀರನ್ನು ಪೂರ್ತಿ ಚೆಲ್ಲಿಸಿದರು. ತಳದ ಹರಳುಗಳನ್ನು ಬಿಸಿನೀರಿನಲ್ಲಿ ಉಜ್ಜಿಸಿದರು. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಂಡಿಸಿ, ನನ್ನ ಕೋಣೆಯ ಮುಂದೆ ಬಿಸಿಲಿಗೆ ಹಾಕಿಸಿದರು. ನಾನು ತರಗತಿಯಲ್ಲಿ ಹೇಳಿಕೊಡುತ್ತಿದ್ದ ಸಾರಜನಕ ಚಕ್ರದ ಪಾಠವೇ ನನ್ನ ಬಾಗಿಲಲ್ಲಿ ಒಣಗುತ್ತಿತ್ತು.

ಇಳಿದು ಬಂದು ಹೇಳಿದೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಹರಳಿಗೂ ಸ್ಪಂಜಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳು ಆ ವಿಷವನ್ನು ಮುರಿಯುತ್ತವೆ. ಅವು ನೆಲೆಯೂರಲು ವಾರಗಳೇ ಬೇಕು. ಪ್ರತಿ ಅಮಾವಾಸ್ಯೆಗೆ ನಾವು ಅವನ್ನೇ ತೊಳೆದು ಚೆಲ್ಲುತ್ತಿದ್ದೇವೆ.

"ಕಣ್ಣಿಗೆ ಕಾಣೂದನ್ನ ನಾ ನಂಬೂದಿಲ್ಲ. ಕಾಣದ ಹುಳಾನ ನಂಬಲೇನು?" ಎಂದರು ಅಕ್ಕಾರು.

ನಂಬುವುದು ಬೇಡ, ಮುಂದಿನ ಅಮಾವಾಸ್ಯೆಯವರೆಗೆ ಪರೀಕ್ಷೆ ಮಾಡಿ ಎಂದೆ. ಪರೀಕ್ಷೆ ಎಂಬ ಮಾತನ್ನು ಅವರು ತಳ್ಳಿಹಾಕುವಂತಿರಲಿಲ್ಲ. ತೊಟ್ಟಿ ಆಗಷ್ಟೇ ತೊಳೆದದ್ದಾದ್ದರಿಂದ ಮೊದಲ ವಾರಗಳಲ್ಲಿ ದಿನವೂ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆವು, ಮೀನಿಗೆ ತಿನ್ನಲು ಕಡಿಮೆ ಹಾಕಿದೆವು. ಹರಳು ಮುಟ್ಟಲಿಲ್ಲ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿದೆವು. ಅಷ್ಟು ದಿನವೂ ಅಕ್ಕಾರು ನನ್ನ ಮತ್ತು ಹಲಗೇರಿಯವಳ ಕೈಗಳನ್ನೇ ನೋಡುತ್ತ ಕುಳಿತಿರುತ್ತಿದ್ದರು. ಅಮಾವಾಸ್ಯೆ ಬಂತು. ತೊಳೆಯದ ತೊಟ್ಟಿ ದೇವರಿಗೆ ಕಾಣದಿರಲೆಂದು, ಪೂಜೆಯ ಹೊತ್ತಿಗೆ ಅದೇ ಟವೆಲ್ ಹೊದಿಸಿದರು.

ವಾರ ಕಳೆಯಿತು. ಮೀನುಗಳು ತಳದ ಹರಳನ್ನು ಬಾಯಲ್ಲಿ ಹೆಕ್ಕುತ್ತ, ಉಗುಳುತ್ತ ಓಡಾಡಿಕೊಂಡಿದ್ದವು. ಅಕ್ಕಾರು ಬೆರಳದ್ದಿ, ಮೂಸಿ, ಅಲ್ಲೇ ನೆಲಕ್ಕೆ ಕುಳಿತರು.

"ಹಂಗಾದ್ರ ಇಷ್ಟೂ ಮೀನ ಕೊಂದಾಕಿ ನಾನ."

ನಾನೂ ಅವರ ಪಕ್ಕ ಕುಳಿತೆ.

"ಓಣಿ ಮಂದಿ ಮ್ಯಾಲೆಲ್ಲಾ ಸಂಶೆ ಮಾಡಿದೆ. ನನ್ನ ಮ್ಯಾಲ ಮಾತ್ರ ಬರಲಿಲ್ಲ ನೋಡವಾ."

ನೆಲ ಒರೆಸುತ್ತಿದ್ದ ಹಲಗೇರಿಯವಳು ತಲೆಯೆತ್ತದೆ ಹೇಳಿದಳು: "ನಿಮ್ಮ ಮ್ಯಾಲ ಸಂಶೆ ಮಾಡಾಕ ನಮಗ ಯಾರ ಪಗಾರ ಕೊಡ್ತಾರ್ರೀ ಅಕ್ಕಾರ."

ಅಕ್ಕಾರು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಮುಂದೆ ಕ್ಷಮೆಯ ಮಾತು ಆಡಲಿಲ್ಲ. "ನಾಳಿಂದ ತೊಟ್ಟಿ ನಿಂದು. ನಾ ಕೈ ಹಚ್ಚಿದ್ರ ಕೈಮ್ಯಾಲ ಹೊಡಿ" ಎಂದರು. ಸಂಜೆ ಮಗಳ ಫೋನ್ ಬಂದಾಗ, ಸತ್ತ ಮೀನುಗಳ ಸುದ್ದಿಯನ್ನೆಲ್ಲ ತಾವೇ ಹೇಳಿದರು.

ನಾನು ವರ್ಗವಾಗಿ ಹಾವೇರಿಗೆ ಹೋದ ಕೆಲವು ವರ್ಷಗಳಿಗೆ ಅಕ್ಕಾರು ತೀರಿಕೊಂಡರು. ಸುದ್ದಿ ಕೇಳಿ ಹೋದೆ. ಮಣ್ಣು ಮಾಡಿ ಬಂದ ಮೇಲೆ ಇಡೀ ಮನೆ ತೊಳೆಯುವ ಪದ್ಧತಿ. ನೆಂಟರ ಹೆಂಗಸರು ಹಾಸಿಗೆ, ಪಾತ್ರೆ ಹೊರಗೆ ಹಾಕಿ ತೊಟ್ಟಿಯ ಕಡೆ ಬಂದಾಗ ಹಲಗೇರಿಯವಳು ಅಡ್ಡ ನಿಂತಳು.

"ಇದನ್ನ ತೊಳಿಬ್ಯಾಡ್ರಿ. ಅಕ್ಕಾರ ಮಾತೈತಿ."

ಅದರ ತಳದಲ್ಲಿ ಏನು ಬಚ್ಚಿಟ್ಟಿದ್ದಾಳೋ ಎಂದು ಒಬ್ಬರು ಪಿಸುಗುಟ್ಟಿದರು. ಮಗಳು ಬಂದು ಅವಳ ಪಕ್ಕ ನಿಂತ ಮೇಲೆಯೇ ಅವರು ಸರಿದದ್ದು.

ಆ ದಿನ ಅಲ್ಲಿಯೇ ಉಳಿದೆ. ಅಷ್ಟು ಗದ್ದಲದಲ್ಲೂ ಹಲಗೇರಿಯವಳು ಬಕೆಟ್ಟಿಗೆ ನೀರು ಹಿಡಿದು ತೆರೆದಿಟ್ಟಿದ್ದಳು. ಮರುದಿನ ಬೆಳಿಗ್ಗೆ ಅವಳು ಅದನ್ನು ತೊಟ್ಟಿಗೆ ಹಾಕಲೆಂದು ಎತ್ತಿದಾಗ ತಡೆದು, ಮಧ್ಯದ ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಅದ್ದಿ, ಕಣ್ಣು ಮುಚ್ಚಿ ಮೂಸಿದೆ. ಸೆರಗಿಗೆ ಒರೆಸಿಕೊಂಡದ್ದು ಆಮೇಲೆ.