ಒಣಗದ ಮುಖ

ದೆವ್ವ ಭೂತ ಅಂದರೆ ನಗುವವರ ಪೈಕಿ ನಾನು. ಆದರೆ ಇದು ನನ್ನ ಈ ಎರಡು ಕೈಯಲ್ಲೇ ನಡೆದದ್ದು. ಸುಳ್ಳು ಅನ್ನಲು ನನಗೇ ಬಾಯಿ ಬರುವುದಿಲ್ಲ.

ಗದಗ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಬೆಟಗೇರಿಯ ಹಳೇ ಹತ್ತಿ ಗೋದಾಮಿನಲ್ಲಿ ನನ್ನ ಕಲಾಪ್ರದರ್ಶನ. ಹೊಳೆಮಣ್ಣಿನ ಹನ್ನೆರಡು ಮುಖಗಳು, ಒಂದನ್ನೂ ಸುಟ್ಟಿರಲಿಲ್ಲ. ಮೇಲೆ ತೂತಿನ ಗಡಿಗೆ ತೂಗುಬಿಟ್ಟಿದ್ದೆ. ಹನಿ ಬಿದ್ದು ಬಿದ್ದು ವಾರದಲ್ಲಿ ಎಲ್ಲ ಕರಗಬೇಕು. ಯಾವುದೂ ಉಳಿಯುವುದಿಲ್ಲ ಅನ್ನುವುದೇ ನನ್ನ ಕಲೆ ಅಂತ ದೊಡ್ಡ ಭಾಷಣ ಬೇರೆ!

ಮಣ್ಣು ತರಲು ಹೊಳೆದಂಡೆಯ ಕೊರ್ಲಹಳ್ಳಿಗೆ ಹೋದಾಗ ಹನುಮವ್ವ ಸಿಕ್ಕಿದ್ದಳು. ಅವಳ ಮಗ ಫಕ್ಕೀರಪ್ಪನನ್ನು ತುಂಗಭದ್ರೆ ಒಯ್ದಿತ್ತು. ಹೆಣ ಸಿಕ್ಕಿರಲಿಲ್ಲ, ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅವಳು ಹೇಳುತ್ತ ಹೋದಳು, ನಾನು ಅವನ ಮುಖ ಮಾಡುತ್ತ ಹೋದೆ. ಮುಗಿದಾಗ ಅದರ ಗಲ್ಲ ಸವರಿದಳು.

"ಇದೊಂದು ಕರಗಸಬ್ಯಾಡ್ರಿ ಸರ. ಸುಟ್ಟು ಕೊಡ್ರಿ, ಮನ್ಯಾಗ ಇಟಗೋತೀನಿ."

"ಆತವ್ವಾ" ಅಂದೆ. ಅದರ ಮೇಲೆ ಗಡಿಗೆ ಕಟ್ಟಲಿಲ್ಲ. ಆದರೆ ಒಣಗಿದ ಕೂಡಲೇ ಸುಡಿಸಲೂ ಇಲ್ಲ, ಪ್ರದರ್ಶನದಲ್ಲಿ ನಾಲ್ಕು ಜನ ನೋಡಲಿ ಎಂಬ ಆಸೆ ನನಗೆ.

ಕೊನೆಯ ರಾತ್ರಿ. ಹನ್ನೊಂದು ಮುಖಗಳು ಕರಗಿ ಗುಡ್ಡೆಯಾಗಿದ್ದವು, ಗಡಿಗೆಗಳು ಬರಿದಾಗಿದ್ದವು. ಬೆಳಗ್ಗೆ ಹನುಮವ್ವ ಬರುವವಳಿದ್ದಳು, ಇಬ್ಬರೂ ಹರ್ತಿಯ ಕುಂಬಾರರ ಆವಿಗೆಗೆ ಹೋಗಿ ಮುಖ ಸುಡಿಸುವುದು ಅಂತಾಗಿತ್ತು. ನಾನು ಗೋದಾಮಿನಲ್ಲೇ ಮಲಗಿದೆ.

ತಟ್... ತಟ್...

ಎದ್ದು ಲೈಟು ಹಾಕಿದೆ. ಫಕ್ಕೀರಪ್ಪನ ಮುಖದಿಂದ ನೀರು ಇಳಿಯುತ್ತಿತ್ತು. ಹೊರಗೆ ಮಳೆಯಿಲ್ಲ, ಮೇಲಿನ ತಗಡು ಒಣಗಿತ್ತು. ಆದರೆ ಗೋದಾಮಿನ ತುಂಬ ಹೊಳೆಯ ವಾಸನೆ... ಪಾಚಿ, ಮೀನು...

ಒರೆಸಿದೆ. ಮತ್ತೆ ಒಸರಿತು. ಅಂಗಿ ಬಿಚ್ಚಿ ಒತ್ತಿದೆ, ಫ್ಯಾನಿನ ಕೆಳಗೆ ಹಿಡಿದೆ. ನೀರು ಒಳಗಿನಿಂದಲೇ ಬರುತ್ತಿತ್ತು! ಮೂಗು ಜಾರಿತು. ತುಟಿ ಹೋಯಿತು.

"ಇರಪಾ... ನಿಮ್ಮವ್ವ ಬರತಾಳ, ಮುಂಜಾನಿತನಕ ಇರಪಾ..." ಮಣ್ಣಿನ ಮುಂದೆ ಅಂಗಲಾಚಿದೆ. ಕೈಗೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ನನ್ನಿಂದ ಏನೂ ಆಗಲಿಲ್ಲ. ಅಳು ಬಂತು, ಅತ್ತೆ.

ಮೊದಲ ಬಸ್ಸಿಗೇ ಹನುಮವ್ವ ಬಂದಳು. ನಡೆದದ್ದೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ. ನನ್ನ ತೊಡೆಯ ಮೇಲಿನ ರಾಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು.

"ಹೊಳಿ ಬಿಡವಲ್ದು ಅವನ್ನ" ಅಂದಳು. ಆಮೇಲೆ ರಾಡಿಯನ್ನು ಸೆರಗಿಗೆ ಬಳಿದುಕೊಳ್ಳುತ್ತ ಮೆಲ್ಲಗೆ ಕೇಳಿದಳು, "ಖರೆ ಹೇಳ್ರಿ ಸರ... ಕಡೀಕ ಕಣ್ಣ ಮುಚ್ಚಿದ್ನೇನ್ರಿ?"

"ಮುಚ್ಚಿದ್ನವ್ವಾ" ಅಂದೆ.

ಸುಳ್ಳು ಹೇಳಿದೆ. ಮೂಗು, ಬಾಯಿ, ಗಲ್ಲ ಎಲ್ಲ ಹೋದ ಮೇಲೂ ಆ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ತಡೆಯಲಾರದೆ ಅಂಗೈಯಿಂದ ಸವರಿ ಮುಚ್ಚಿದೆ. ಕೈ ತೆಗೆದರೆ... ತೆರೆದೇ ಇದ್ದವು.