ಹೆಣ್ಣು ಕೇಳಲು ಬಂದ ದೊಡ್ಡಕ್ಕೋರು

ದೊಡ್ಡಕ್ಕೋರ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಸಣ್ಣವರಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿತ್ತಂತೆ. ಅದಕ್ಕೇ ಚಾಕ್‌ಪೀಸನ್ನು ಎರಡು ಬೆರಳಿನ ಸಂದಿಯಲ್ಲಿ ಬೀಡಿ ಹಿಡಿದಂತೆ ಹಿಡಿದು ಬರೆಯುತ್ತಿದ್ದರು. ಅಕ್ಷರ ಮಾತ್ರ ಮುತ್ತಿನಂಥವು. ಹಿಂದಿನ ಬೆಂಚಿನ ಹುಡುಗರು ಅಣಕಿಸಿದರೆ ಸಿಟ್ಟಾಗುತ್ತಿರಲಿಲ್ಲ. ‘ಹಂಗ ಹಿಡದು ಒಂದು ಸಾಲು ನೆಟ್ಟಗ ಬರೀರಿ ನೋಡೂಣು’ ಎಂದು ಬೋರ್ಡಿಗೆ ಕರೆಯುತ್ತಿದ್ದರು. ಯಾರಿಗೂ ಬರುತ್ತಿರಲಿಲ್ಲ.

ಗಂಗಾವತಿಯ ನಮ್ಮ ಸರ್ಕಾರಿ ಹೈಸ್ಕೂಲಿಗೆ ಅವರು ಹೆಡ್‌ಮೇಡಮ್ಮು, ನಮ್ಮ ಬಾಯಲ್ಲಿ ದೊಡ್ಡಕ್ಕೋರು. ಆರರಿಂದ ಹತ್ತನೇ ತರಗತಿವರೆಗಿನ ಸಾಲಿ ಅದು; ಆರನೇ ಇಯತ್ತೆಗೆ ತಾಲೂಕಿನ ಮಕ್ಕಳೆಲ್ಲ ಪರೀಕ್ಷೆ ಬರೆದು, ಅದರಲ್ಲಿ ಮೇಲೆ ಬಂದವರಿಗಷ್ಟೇ ಅಲ್ಲಿ ಸೀಟು. ಹೆಸರಿಗೆ ಜಾಣರ ಸಾಲಿ. ಆದರೆ ನಮ್ಮೂರಲ್ಲಿ ಒಂದು ಚಂದದ ಆಟ ನಡೆಯುತ್ತಿತ್ತು. ಖಾಸಗಿ ಶಾಲೆಯವರು ತಮ್ಮ ಜಾಣ ಮಕ್ಕಳಿಂದ ಆ ಪರೀಕ್ಷೆ ಬರೆಸುವುದು, ಪಾಸಾದವರ ಫೋಟೋ ಫ್ಲೆಕ್ಸ್ ಮಾಡಿ ಸರ್ಕಲ್ಲಿನಲ್ಲಿ ಕಟ್ಟುವುದು, ಮಕ್ಕಳನ್ನು ಮಾತ್ರ ಬಿಟ್ಟುಕೊಡದೇ ಇರುವುದು. ಪಾಲಕರಿಗೂ ಅದೇ ಹೆಮ್ಮೆ. ಸರ್ಕಾರಿ ಸೀಟು ಸಿಕ್ಕಿತ್ತು, ನಾವ ಒಲ್ಲೆ ಅಂದ್ವಿ ಅಂತ ಹೇಳಿಕೊಂಡು ತಿರುಗುತ್ತಿದ್ದರು. ದೊಡ್ಡಕ್ಕೋರಿಗೆ ಉಳಿಯುತ್ತಿದ್ದದ್ದು ಪಟ್ಟಿಯ ಕೆಳಗಿನ ಹೆಸರುಗಳು, ಕೆಲವು ಖಾಲಿ ಬೆಂಚುಗಳು.

ನಾನು ಬರೆದ ವರ್ಷ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಸುಳ್ಳು ವಿನಯ ಯಾಕೆ, ನಾನು ಜಾಣೆಯೇ ಇದ್ದೆ. ಅಪ್ಪನದು ಭತ್ತದ ದಲಾಲಿ ಅಂಗಡಿ. ಫ್ಲೆಕ್ಸಿನ ಮೇಲೆ ನನ್ನ ಮುಖ ನೋಡಿ ಬಜಾರದ ತುಂಬ ಪೇಡೆ ಹಂಚಿದ. ಅಲ್ಲಿಗೆ ಆ ವಿಷಯ ಮುಗಿಯಿತು ಎಂದು ಮನೆಯವರೆಲ್ಲ ಸುಮ್ಮನಾದರು.

ಒಂದು ಸಂಜೆ ದೊಡ್ಡಕ್ಕೋರು ಮನೆಗೇ ಬಂದರು. ಕೈಯಲ್ಲಿ ತೆಂಗಿನಕಾಯಿ, ಸಕ್ಕರೆ ಪೊಟ್ಟಣ. ಚಾಪೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಅಪ್ಪನ ಕಡೆ ನೋಡಿ, ‘ಸಾವ್ಕಾರ್ರ, ಹೆಣ್ಣು ಕೇಳಾಕ ಬಂದೀನ್ರಿ’ ಎಂದರು.

ಅಡುಗೆಮನೆಯಿಂದ ಅಜ್ಜಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ‘ಏನವ್ವಾ, ಆ ಕೂಸಿಗೆ ಇನ್ನಾ ಹಾಲಹಲ್ಲು ಬೀಳಾಕತ್ತಾವು. ಬುದ್ಧಿಗಿದ್ಧಿ ಐತಿಲ್ಲೋ ನಿನಗ?’

‘ನಮ್ಮ ಸಾಲಿಗಿ ಕೇಳಾಕ ಬಂದೀನಬೇ ಯಮ್ಮಾ. ಹಲ್ಲು ಇಲ್ದಿದ್ರೂ ನಡೀತೈತಿ’ ಎಂದು ದೊಡ್ಡಕ್ಕೋರು ನಕ್ಕರು.

ಅಪ್ಪ ನಗಲಿಲ್ಲ. ವ್ಯಾಪಾರಸ್ಥ ನೋಡಿ. ‘ಅಲ್ಲಿ ಫೀ ಎಷ್ಟ್ರಿ ಅಕ್ಕೋರ?’ ಎಂದು ಕೇಳಿದ. ಫೀ ಇಲ್ಲ ಎಂದರು. ‘ಹಂಗಾದ್ರ ಹೆಂಗ್ರಿ? ಪುಗಸಟ್ಟೆ ಕಲಿಸಿದ್ರ, ನಾಳೆ ಕೂಸಿಗೆ ಏನೂ ಬರಲಿಲ್ಲಂದ್ರ ಯಾರನ್ನ ಕೇಳೂದು?’

‘ಹೆಣ್ಣು ಕೊಡೂಕಿಂತ ಮೊದ್ಲ ಮನಿ ನೋಡಾಕ ಹೋಗ್ತೀರಲ್ಲ, ಹಂಗ ಬರ್ರಿ. ಮನಸಿಗಿ ಬಂದ್ರ ಕೊಡ್ರಿ, ಇಲ್ಲಂದ್ರ ಇಲ್ಲ.’

ಹಾಗೆ ಕರೆದ ಮೇಲೆ ಹೋಗದೇ ಇರಲಾದೀತೇ? ಹೋದೆವು. ನಮ್ಮ ಕಡೆ ಮನೆ ನೋಡಲು ಹೋದರೆ ಗಂಡಸರು ಪಡಸಾಲೆಯಲ್ಲಿ ಕೂತು ಹೊಲಮನೆ ಕೇಳುತ್ತಾರೆ, ಹೆಂಗಸರು ಸೀದಾ ಒಳಗೆ ಹೋಗಿ ನೀರು, ಬಚ್ಚಲು ನೋಡುತ್ತಾರೆ. ಅವ್ವ ಹಾಗೇ ಮಾಡಿದಳು. ಹುಡುಗಿಯರ ಪಾಯಖಾನೆಗೆ ಹೋಗಿ ನಲ್ಲಿ ತಿರುವಿದಳು, ಒಳಗಿನಿಂದ ಚಿಲಕ ಹಾಕಿ ತೆಗೆದಳು, ಗೋಣು ಹಾಕಿದಳು. ಅಪ್ಪನನ್ನು ದೊಡ್ಡಕ್ಕೋರು ಬೇರೆ ಕಡೆ ಕರೆದೊಯ್ದರು. ‘ಮೊದ್ಲ ನಮ್ಮ ಕೊರತಿ ನೋಡ್ರಿ’ ಎಂದರು. ಮಳೆಗೆ ಸೋರುವ ಕೋಣೆ ತೋರಿಸಿದರು. ಗಣಿತದ ಮಾಸ್ತರ ಹುದ್ದೆ ಖಾಲಿ ಇದೆ, ತಾನೇ ಕಲಿಸುತ್ತೇನೆ, ಆಫೀಸಿನ ಕೆಲಸ ಬಂದ ದಿನ ಪಾಠ ತಪ್ಪುತ್ತದೆ ಎಂದೂ ಹೇಳಿದರು. ಪ್ರಯೋಗಾಲಯ, ಪುಸ್ತಕದ ಕಪಾಟು ಎಲ್ಲ ಆಮೇಲೆ. ಅಪ್ಪನ ಆಯುಷ್ಯವೆಲ್ಲ ಚೀಲದ ಬಾಯಿಗೆ ಛಲೋ ಭತ್ತ, ಬುಡಕ್ಕೆ ಜೊಳ್ಳು ತುಂಬಿ ತರುವವರ ಜೊತೆಗೇ ಕಳೆದಿತ್ತು. ಬುಡದಿಂದ ಬಿಚ್ಚಿ ತೋರಿಸುವವರನ್ನು ಆತ ನೋಡಿರಲಿಲ್ಲ.

‘ಒಂದ ವರ್ಷ ಕಳಸ್ತೀನ್ರಿ. ಮಾರ್ಕ್ಸ್ ಇಳದ್ರ ಕರಕೊಂಡು ಹೋಗಾಂವ’ ಎಂದ.

‘ಆತ್ರಿ’ ಎಂದರು ದೊಡ್ಡಕ್ಕೋರು.

ಆ ಬೇಸಿಗೆಯೆಲ್ಲ ಅವರು ಹೀಗೇ ಮನೆಮನೆ ತಿರುಗಿ ಕೇಳಿದರು. ಹೇಮಗುಡ್ಡದ ಕಡೆಯ ಕುರಿಗಾರರ ಮಗಳನ್ನೂ ಹಾಗೇ ಕೇಳಿ ತಂದರು. ನನ್ನ ಕಷ್ಟ ಶುರುವಾದದ್ದು ಆಕೆಯಿಂದ. ನಾನು ಲೆಕ್ಕ ಬರೆದುಕೊಳ್ಳುವಷ್ಟರಲ್ಲಿ ಆಕೆ ಉತ್ತರ ಹೇಳಿಬಿಡುತ್ತಿದ್ದಳು. ಆಕೆಯೊಬ್ಬಳೇ ಅಲ್ಲ, ಅಲ್ಲಿ ಕೂತವರೆಲ್ಲ ತಮ್ಮ ತಮ್ಮ ಊರಲ್ಲಿ ಫಸ್ಟ್ ಬಂದವರೇ. ಹುಟ್ಟಿದಾಗಿನಿಂದ ಮೊದಲ ನಂಬರು ಬಿಟ್ಟು ಬೇರೆ ನಂಬರು ಕಾಣದ ನಾನು ಜಾರಿ ಎಲ್ಲೋ ನಡುವೆ ಬಿದ್ದೆ. ಅತ್ತುಕೊಂಡು ದೊಡ್ಡಕ್ಕೋರ ಮುಂದೆ ನಿಂತೆ.

‘ಒಬ್ಬಾಕಿನ ಓಡಿದ್ರ ದಿನಾ ನೀನ ಫಸ್ಟು. ಈಗ ಖರೇನ ಓಡಾಕತ್ತಿ, ಅದಕ್ಕ ತೇಕು ಹತ್ತೈತಿ’ ಎಂದರು. ಅಷ್ಟೇ. ಸಮಾಧಾನವಿಲ್ಲ, ಮುದ್ದಿಲ್ಲ. ಮರುದಿನ ನನ್ನನ್ನು ಆ ಕುರಿಗಾರರ ಹುಡುಗಿಯ ಪಕ್ಕದಲ್ಲಿ ಕೂಡಿಸಿದರು. ಆಕೆ ನನಗೆ ಲೆಕ್ಕ ಹೇಳಿಕೊಟ್ಟಳು, ನಾನು ಆಕೆಗೆ ಇಂಗ್ಲಿಷು. ಚಳಿಗಾಲ ಬರುವಷ್ಟರಲ್ಲಿ ರವಿವಾರ ನನಗೆ ಬೇಜಾರಾಗತೊಡಗಿತ್ತು.

ಆದರೂ ವರ್ಷದ ಕೊನೆಗೆ ಮಾರ್ಕ್ಸ್ ಇಳಿದೇ ಇದ್ದವು. ಅಪ್ಪ ಮಾತಿನ ಮನುಷ್ಯ, ಟಿಸಿ ಕೇಳಲು ಬಂದ. ಆ ಸಾಲಿ ಬಿಟ್ಟು ನನಗೆ ಹೋಗುವುದು ಬೇಕಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಏನು ಬೇಕೆಂದು ಯಾರು ಕೇಳುತ್ತಿದ್ದರು? ಹಬ್ಬದ ಬಟ್ಟೆಯ ಬಣ್ಣ ಕೂಡ ಕೇಳುತ್ತಿರಲಿಲ್ಲ.

ದೊಡ್ಡಕ್ಕೋರು ಅಂಗಲಾಚಲಿಲ್ಲ. ‘ಮಾತು ಅಂದ್ರ ಮಾತ್ರಿ ಸಾವ್ಕಾರ್ರ, ಟಿಸಿ ಕೊಡತೀನಿ. ಆದ್ರ ಹೋಗಾಕಿ ಈಕಿ. ಈಕಿನ್ನ ಒಂದ ಮಾತು ಕೇಳ್ರಿ’ ಎಂದರು.

ಅಪ್ಪ ನನ್ನ ಕಡೆ ತಿರುಗಿದ. ಹೆಂಗ ಕೇಳಬೇಕು ಎಂಬುದೇ ಆತನಿಗೆ ತಿಳಿಯಲಿಲ್ಲ. ‘ಏನವಾ?’ ಎಂದ.

‘ಅಪ್ಪಾ, ಅಲ್ಲಿ ಫಸ್ಟ್ ಬರ್ತಿದ್ದೆ. ಇಲ್ಲಿ ಕಲ್ಯಾಕತ್ತೀನಿ. ನಾ ಬರೂದಿಲ್ಲ.’

ಅಪ್ಪ ಚಪ್ಪಲಿ ಮೆಟ್ಟಿಕೊಂಡು, ‘ಸಂಜಿಗೆ ಲಗೂ ಬಾ ಮನಿಗಿ’ ಎಂದು ಹೇಳಿ ಹೋದ.

ಮುಂದೆ ಆ ಶಾಲೆಯ ಬೆಂಚುಗಳು ತುಂಬಿದವು. ಸರ್ಕಾರಿ ಸಾಲಿಗೆ ಜಾಣ ಮಕ್ಕಳು ಬರುತ್ತಾರೇನು ಎಂದು ಈಗಲೂ ಯಾರಾದರೂ ಚರ್ಚೆ ತೆಗೆದರೆ ನನಗೆ ನಗು ಬರುತ್ತದೆ. ಬರುತ್ತಾರೆ. ಮನೆಗೆ ಹೋಗಿ ಕರೆಯಬೇಕು, ಇದ್ದದ್ದನ್ನು ಇದ್ದಂತೆ ತೋರಿಸಬೇಕು.

ಹತ್ತನೇ ಇಯತ್ತೆ ಮುಗಿದಾಗ ದೊಡ್ಡಕ್ಕೋರನ್ನು ಕೇಳಿದ್ದೆ: ‘ಅವತ್ತ ನಾ ಹೋಗ್ತೀನಿ ಅಂದಿದ್ರ ಏನ್ ಮಾಡ್ತಿದ್ರಿ?’

‘ಟಿಸಿ ಕೊಡ್ತಿದ್ದೆ. ಬಾಗಲಾ ಹಾಕ್ಕೊಂಡು ಅಳ್ತಿದ್ದೆ. ಆದ್ರ ಕೊಡ್ತಿದ್ದೆ.’

ಅಪ್ಪ ಟಿಸಿ ಕೇಳಲು ಬಂದ ಆ ದಿನದಿಂದ ನಮ್ಮ ಮನೆಯಲ್ಲಿ ನನ್ನ ವಿಷಯದ ಯಾವ ತೀರ್ಮಾನವೂ ನನ್ನನ್ನು ಬಿಟ್ಟು ಆಗಲಿಲ್ಲ. ಮುಂದೇನು ಓದುತ್ತೀ ಎಂದು ಕೇಳಿದರು. ನೌಕರಿಗೆ ಕೊಪ್ಪಳ ಆದೀತೋ ಎಂದು ಕೇಳಿದರು. ಹುಡುಗ ಒಪ್ಪಿಗೆ ಏನು ಎಂದೂ ಕೇಳಿದರು, ನಾನು ಇಬ್ಬರಿಗೆ ಒಲ್ಲೆ ಎಂದೆ, ಸುಮ್ಮನಾದರು.

ಹೋದ ಬೇಸಿಗೆಯಲ್ಲಿ ದೊಡ್ಡಕ್ಕೋರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಅಪ್ಪನೇ. ಫೋನಿನಲ್ಲಿ ಆತ ಅವರ ಹೆಸರು ಹೇಳಲಿಲ್ಲ, ದೊಡ್ಡಕ್ಕೋರು ಎಂದೂ ಹೇಳಲಿಲ್ಲ. ‘ನಿನ್ನ ಕೇಳಬೇಕು ಅಂತ ನನಗ ಕಲಿಸಿದವ್ರು ಹೋದ್ರವ್ವಾ’ ಎಂದ.