ಕಣ್ಣಳತೆ

ತಂಗೆವ್ವನ ಬೆನ್ನು ಸಣ್ಣದು, ಎದೆ ಭಾರ. ಅಂಗಡಿಯ ಬ್ರಾ ಎದೆಗೆ ಸರಿಯಾದರೆ ಬೆನ್ನಲ್ಲಿ ಜೋಲುತ್ತಿತ್ತು, ಬೆನ್ನಿಗೆ ಸರಿಯಾದರೆ ಪಟ್ಟಿ ಹೆಗಲು ಕೊರೆಯುತ್ತಿತ್ತು. ಸವದತ್ತಿ ಪೇಟೆಯಲ್ಲಿ ಹಾಕಿ ನೋಡುವ ರೂಢಿಯಿಲ್ಲ. ಅಂಗಡಿಯವನು ಕಣ್ಣಲ್ಲೇ ಅಳೆದು, ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಅಂಥ ಒಂದು ಅಂಗಡಿಯ ಗೌರೀಶ ಒಮ್ಮೆ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ತುಂಬಿದ ಅಂಗಡಿಗೆ ಕೇಳುವಂತೆ ಹೇಳಿದ: "ನಿಮಗ ಆಗುವಂಥಾದು ನಮ್ಮಲ್ಲಿ ಇಲ್ರಿ ಅಕ್ಕಾರ. ಗೋಣಿಚೀಲದ ಅಂಗಡಿ ಕೆಳಗಿನ ಓಣ್ಯಾಗ ಐತಿ."

ಗಿರಾಕಿಗಳು ನಕ್ಕರು.

ರವಿಕೆ ಹೊಲಿದು ಬದುಕುತ್ತಿದ್ದ ತಂಗೆವ್ವ ಆ ನಗೆಯನ್ನು ಮರೆಯಲಿಲ್ಲ. ಹಳೆಯ ಬ್ರಾದ ಹೊಲಿಗೆ ಬಿಚ್ಚಿ, ಅಗಲ ಪಟ್ಟಿ ಇಟ್ಟು, ಕೆಡಿಸಿ ಕೆಡಿಸಿ ಕೊನೆಗೂ ತನ್ನ ಮೈಗೆ ಕೂರುವಂಥದ್ದನ್ನು ಹೊಲಿದುಕೊಂಡಳು. ಆಮೇಲೆ ಬೇಕೆಂದೇ ಗೌರೀಶನ ಅಂಗಡಿಯ ಎದುರಿಗೇ ಮಳಿಗೆ ಹಿಡಿದಳು. ಪರದೆಯ ಹಿಂದೆ ಟೇಪು ಹಿಡಿದು ಅಳೆದಳು, ಹಾಕಿ ನೋಡಲು ಬಿಟ್ಟಳು. ಬೈಲಹೊಂಗಲದಿಂದಲೂ ಹೆಂಗಸರು ಬಂದರು.

ಒಂದು ದಿನ ಗೌರೀಶನೇ ರಸ್ತೆ ದಾಟಿ ಬಂದ. "ನಮ್ಮ ಅಂಗಡಿಗೂ ಒಂದಿಷ್ಟು ಹೊಲದು ಕೊಡ್ರಿ ಅಕ್ಕಾರ."

ತಂಗೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೂತ ಹೆಂಗಸರ ಮಾತು ನಿಲ್ಲುವವರೆಗೆ ಕಾದಳು.

"ನಿಮಗ ಆಗುವಂಥಾದು ನಮ್ಮಲ್ಲಿ ಇಲ್ರಿ ಅಣ್ಣಾರ. ಗೋಣಿಚೀಲದ ಅಂಗಡಿ ಕೆಳಗಿನ ಓಣ್ಯಾಗ ಐತಿ."

ಮೊದಲು ನಕ್ಕವಳು, ಅಳತೆ ಕೊಡಲು ಬಂದು ಪರದೆಯ ಹಿಂದೆ ನಿಂತಿದ್ದ ಅವನ ಹೆಂಡತಿ.